ಹಳೇ ಕಾರಿನ ಡಿಕ್ಕಿಗೆ, ಪೆಟ್ರೋಲ್ ಲಿಡ್‌ಗೆ ಮೋಟಾರ್ ಹಾಕಿಸಬಹುದಾ?

ಪ್ರಶ್ನೆ: ನನ್ನ ಹತ್ತಿರ 2004ರ ಮಾರುತಿ ಎಸ್ಟೀಮ್ ಇದೆ. ಅಪ್ಪ ತಗೊಂಡಿದ್ದು, ಮಾರೋಕೆ ಮನಸ್ಸಿಲ್ಲ. ಡ್ರೈವರ್ ಸೀಟಿನ ಪಕ್ಕದ ಲಿವರ್ ಎಳೆದರೆ ಪೆಟ್ರೋಲ್ ಲಿಡ್ ಒಮ್ಮೊಮ್ಮೆ ತೆರೆಯುತ್ತದೆ, ಒಮ್ಮೊಮ್ಮೆ ಇಲ್ಲ. ಬಂಕಿನ ಹುಡುಗ ಲಿಡ್ ಮೇಲೆ ಬಡಿಯಬೇಕು, ನಾನು ಒಳಗೆ ಲಿವರ್ ಎಳೆಯುತ್ತಾ ಕೂರಬೇಕು. ಡಿಕ್ಕಿಯದ್ದಂತೂ ತುಂಬಾ ಗಟ್ಟಿ, ನನ್ನ ಹೆಂಡತಿಗೆ ಎಳೆಯೋಕೇ ಆಗಲ್ಲ. ನಮ್ಮ ಎಲೆಕ್ಟ್ರಿಷಿಯನ್ ಎರಡಕ್ಕೂ ಸೆಂಟ್ರಲ್ ಲಾಕ್ ಮೋಟಾರ್ ಹಾಕಿ ಬಟನ್ ಕೊಡ್ತೀನಿ, ರಿಮೋಟಿಗೂ ಸೇರಿಸ್ತೀನಿ ಅಂತಾರೆ. ಹಾಕಿಸಬಹುದಾ ಸಾರ್? ಬ್ಯಾಟರಿ ಡೌನ್ ಆದರೆ ಏನು ಗತಿ? ಆರ್‌ಸಿಗೆ ಏನಾದರೂ ತೊಂದರೆ ಆಗುತ್ತಾ? (ಓದುಗರು, ರಾಜಾಜಿನಗರ, ಬೆಂಗಳೂರು)

ಉತ್ತರ: ಹಾಕಿಸಬಹುದು. ಆದರೆ ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ ರೀತಿಯಲ್ಲಿ ಬೇಡ. ಡಿಕ್ಕಿಗೆ ಹಾಕಿಸಿ, ಆದರೆ ಸೆಂಟ್ರಲ್ ಲಾಕ್ ಮೋಟಾರ್ ಅಲ್ಲ. ಪೆಟ್ರೋಲ್ ಲಿಡ್ಡನ್ನು ಕೇಬಲ್‌ನಲ್ಲೇ ಬಿಡಿ ಅಂತ ನನ್ನ ಅಭಿಪ್ರಾಯ, ಕಾರಣ ಮುಂದೆ ಹೇಳುತ್ತೇನೆ. ಇವೆರಡಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ, ಅದಕ್ಕೆ ಕರೆಂಟೇ ಬೇಕಿಲ್ಲ.

ನಿಮಗೆ ಲಿವರ್ ಗಟ್ಟಿ ಅನಿಸುತ್ತಿದೆ ಅಲ್ವಾ, ಆದರೆ ಲಿವರ್ ಬರೀ ಹಿಡಿ ಅಷ್ಟೆ. ಅದರಿಂದ ಒಂದು ಕೇಬಲ್ ಕಾರ್ಪೆಟ್ ಅಡಿಯಲ್ಲಿ, ಬಾಗಿಲ ಹೊಸಿಲಿನ ಪಕ್ಕದಲ್ಲೇ ಹಿಂದಕ್ಕೆ ಹೋಗುತ್ತದೆ. ಒಳಗೆ ಸ್ಟೀಲ್ ತಂತಿ, ಹೊರಗೆ ಪ್ಲಾಸ್ಟಿಕ್ ಹೊದಿಕೆಯ ಔಟರ್. ಇಪ್ಪತ್ತು ವರ್ಷದಲ್ಲಿ ಔಟರ್‌ನ ತುದಿಯಿಂದ ನೀರು ಇಳಿದು ಒಳಗೆ ತುಕ್ಕು ಹಿಡಿಯುತ್ತದೆ. ಯಾರೋ ಸೀಟು ಬಿಚ್ಚಿ ವಾಪಸ್ ಕೂರಿಸುವಾಗ ಕೇಬಲ್ ಸೀಟು ಜಾರುವ ರೈಲಿನ ಅಡಿ ಸಿಕ್ಕಿ ಚಪ್ಪಟೆಯಾಗಿರುತ್ತದೆ. ಮ್ಯೂಸಿಕ್ ಸಿಸ್ಟಮ್ ಹಾಕಿಸುವಾಗ ಹಿಂದಕ್ಕೆ ವೈರ್ ಎಳೆದವರು ಕೇಬಲನ್ನು ಕ್ಲಿಪ್ಪಿನಿಂದ ಬಿಡಿಸಿ, ಚೂಪಾಗಿ ಬಗ್ಗಿಸಿ ಬಿಟ್ಟು ಹೋಗಿರುತ್ತಾರೆ. ಆ ಕಡೆ ಡಿಕ್ಕಿಯ ಲ್ಯಾಚ್‌ನಲ್ಲಿ, ಅಂದರೆ ಮುಚ್ಚಳವನ್ನು ಕಚ್ಚಿ ಹಿಡಿಯುವ ಲಾಕಿನಲ್ಲಿ, ಹಳೇ ಗ್ರೀಸ್ ಧೂಳಿನ ಜೊತೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಇದರಲ್ಲಿ ಯಾವುದು ನಿಮ್ಮ ಕಾರಿನ ಕಾಯಿಲೆ ಅಂತ ನೋಡದೆ ಮೋಟಾರ್ ಹಾಕಿದರೆ, ಇವತ್ತು ನೀವು ಎಳೆದು ಒದ್ದಾಡುತ್ತಿರುವುದನ್ನು ನಾಳೆ ಮೋಟಾರ್ ಎಳೆದು ಒದ್ದಾಡುತ್ತದೆ. ವ್ಯತ್ಯಾಸ ಏನೆಂದರೆ ನಿಮ್ಮ ಕೈ ಸುಡುವುದಿಲ್ಲ, ಮೋಟಾರ್ ಸುಡುತ್ತದೆ.

ಬಲದ ಲೆಕ್ಕ ಸ್ವಲ್ಪ ನೋಡೋಣ. ಬಾಗಿಲಿಗೆ ಹಾಕುವ ಸಾಮಾನ್ಯ ಸೆಂಟ್ರಲ್ ಲಾಕ್ ಮೋಟಾರ್ ಸುಮಾರು 3ರಿಂದ 5 ಕೆಜಿ ಬಲದಲ್ಲಿ ಎಳೆಯುತ್ತದೆ, ಓಡಾಟ ಹೆಚ್ಚುಕಮ್ಮಿ 2 ಸೆಂಟಿಮೀಟರ್. ಬಾಗಿಲ ಲಾಕಿನ ಗುಂಡಿಯನ್ನು ಮೇಲೆ ಕೆಳಗೆ ಮಾಡಲು ಅಷ್ಟು ಸಾಕು, ಅದಕ್ಕೇ ಮಾಡಿದ್ದು. ಡಿಕ್ಕಿಯ ಲ್ಯಾಚ್ ಬೇರೆ ವಿಷಯ. ಮುಚ್ಚಿದ ಡಿಕ್ಕಿಯ ಸುತ್ತ ರಬ್ಬರ್ ಬೀಡಿಂಗ್ ಒತ್ತಿಕೊಂಡಿರುತ್ತದೆ, ಡಿಕ್ಕಿಯ ಮುಚ್ಚಳವನ್ನು ಸ್ಪ್ರಿಂಗ್ ಮೇಲಕ್ಕೆ ಎತ್ತುತ್ತಿರುತ್ತದೆ, ಈ ಒತ್ತಡವೆಲ್ಲ ಲ್ಯಾಚ್‌ನ ಕೊಕ್ಕೆಯ ಮೇಲೆ ಬೀಳುತ್ತದೆ. ಹಾಗಾಗಿ ಡಿಕ್ಕಿ ತೆರೆದಿಟ್ಟು, ಲ್ಯಾಚನ್ನು ಸ್ಕ್ರೂಡ್ರೈವರ್‌ನಲ್ಲಿ ಮುಚ್ಚಿ, ಬಟನ್ ಒತ್ತಿ ‘ನೋಡಿ ಸಾರ್ ಹೆಂಗೆ ಓಪನ್ ಆಗ್ತಿದೆ’ ಅಂತ ತೋರಿಸಿದರೆ ಒಪ್ಪಬೇಡಿ. ಅಲ್ಲಿ ಭಾರವೇ ಇಲ್ಲ. ಡಿಕ್ಕಿ ಮುಚ್ಚಿ ತೋರಿಸಲಿ.

ಅಳೆಯುವುದು ಕಷ್ಟವಲ್ಲ. ಹಳೇ ಪೇಪರ್‌ನವರು ಹಿಡಿದುಕೊಂಡು ಬರುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ, ಅಥವಾ ಲಗೇಜ್ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಒಂದಿದ್ದರೆ ಸಾಕು. ಸೀಟಿನ ಪಕ್ಕದ ಲಿವರ್‌ನಿಂದ ಕೇಬಲ್ ತುದಿ ಬಿಡಿಸಿ, ಡಿಕ್ಕಿ ಮುಚ್ಚಿ, ಕೇಬಲನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ನೇರವಾಗಿ ಎಳೆಯಿರಿ. ‘ಟಕ್’ ಅಂತ ಬಿಡುವ ಹೊತ್ತಿಗೆ ಎಷ್ಟು ಕೆಜಿ ತೋರಿಸಿತು, ತಂತಿ ಎಷ್ಟು ಮಿಲಿಮೀಟರ್ ಹೊರಗೆ ಬಂತು, ಎರಡೂ ಬರೆದುಕೊಳ್ಳಿ. ಆಮೇಲೆ ಡಿಕ್ಕಿ ತೆಗೆದು, ಲ್ಯಾಚ್‌ನಿಂದ ಕೇಬಲ್ ಬಿಡಿಸಿ, ಬರೀ ಕೇಬಲ್ ಒಂದನ್ನೇ ಎಳೆದು ನೋಡಿ. ಕೇಬಲ್ ಒಂದೇ ಎರಡು ಮೂರು ಕೆಜಿ ತಿನ್ನುತ್ತಿದ್ದರೆ ಕಳ್ಳ ಅಲ್ಲೇ ಸಿಕ್ಕ. ಕೇಬಲ್ ಬೆಣ್ಣೆಯಷ್ಟು ಸಲೀಸಾಗಿದ್ದು ಒಟ್ಟು ಮಾತ್ರ ಗಟ್ಟಿಯಿದ್ದರೆ ತಪ್ಪು ಲ್ಯಾಚ್‌ನದ್ದು, ಇಲ್ಲವೇ ಸ್ಟ್ರೈಕರ್‌ನದ್ದು, ಅಂದರೆ ಲ್ಯಾಚ್ ಕಚ್ಚಿಕೊಳ್ಳುವ ‘ಯು’ ಆಕಾರದ ಕಂಬಿಯದ್ದು.

ಲ್ಯಾಚ್ ತೊಳೆಯುವುದು ಅರ್ಧ ಗಂಟೆಯ ಕೆಲಸ. ಬಿಚ್ಚುವ ಮೊದಲು ಬೋಲ್ಟಿನ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ, ಇಲ್ಲದಿದ್ದರೆ ವಾಪಸ್ ಕೂರಿಸುವಾಗ ಡಿಕ್ಕಿ ಸೊಟ್ಟಗಾಗುತ್ತದೆ. ಡಬ್ಲ್ಯೂಡಿ-40 (ತುಕ್ಕು, ಜಿಡ್ಡು ಬಿಡಿಸುವ ಸ್ಪ್ರೇ) ಹೊಡೆದು ಹಳೇ ಗ್ರೀಸ್ ಎಲ್ಲ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ, ಒಣಗಿಸಿ, ಬಿಳಿ ಲಿಥಿಯಂ ಗ್ರೀಸ್ ತೆಳುವಾಗಿ ಹಚ್ಚಿ. ಡಬ್ಲ್ಯೂಡಿ-40 ಹೊಡೆದು ಅಷ್ಟಕ್ಕೇ ಬಿಟ್ಟರೆ ಕೆಲವು ವಾರ ಸಲೀಸಾಗಿದ್ದು ಮತ್ತೆ ಅದೇ ಕಥೆ, ಅದು ತೊಳೆಯೋಕೆ ಒಳ್ಳೆಯದು, ನಯವನ್ನು ಬಹಳ ದಿನ ಉಳಿಸುವುದಿಲ್ಲ. ಇನ್ನು ಸ್ಟ್ರೈಕರ್. ಅದರ ಬೋಲ್ಟಿನ ತೂತುಗಳು ಉದ್ದಕ್ಕಿರುತ್ತವೆ. ಡಿಕ್ಕಿಯೊಳಗೆ ನೀರು ಬರುತ್ತದೆ ಅಂತ ಯಾರಾದರೂ ಅದನ್ನು ಜಾಸ್ತಿ ಬಿಗಿಗೆ ಹೊಂದಿಸಿದ್ದರೆ ಬೀಡಿಂಗ್ ಅತಿಯಾಗಿ ಒತ್ತಿಕೊಂಡು ಲ್ಯಾಚ್ ಬಿಗಿಯಾಗುತ್ತದೆ. ಹಿಂದೆ ಸಣ್ಣದಾಗಿ ಗುದ್ದಿಸಿಕೊಂಡು ಟಿಂಕರಿಂಗ್ ಮಾಡಿಸಿದ ಕಾರುಗಳಲ್ಲಿ ಇದು ಬಹಳ. ಸ್ವಲ್ಪ ಸಡಿಲಿಸಿ ನೋಡಿ.

ಕೇಬಲ್ ಕೆಟ್ಟಿದ್ದರೆ ಹೊಸದು ಹಾಕಿಸಿ. ಜೆ.ಸಿ. ರಸ್ತೆಯಲ್ಲಿ ಮಾರುತಿ ಸ್ಪೇರ್ ಅಂಗಡಿಗಳಲ್ಲಿ ಕೇಳಿ, ಇಲ್ಲದಿದ್ದರೆ ಹಳೇ ಕೇಬಲ್ ಕೈಯಲ್ಲೇ ಹಿಡಿದುಕೊಂಡು ಹೋಗಿ, ಅದೇ ಉದ್ದಕ್ಕೆ ಹೊಸದು ಮಾಡಿಸಿ. ಇಷ್ಟು ಮಾಡಿದ ಮೇಲೆ ಎಷ್ಟೋ ಜನಕ್ಕೆ ಮೋಟಾರ್ ಆಸೆಯೇ ಹೋಗುತ್ತದೆ. ನಿಮ್ಮ ಮನೆಯವರಿಗೂ ಲಿವರ್ ಸಲೀಸಾಗಿ ಬಂದರೆ ಅಲ್ಲಿಗೇ ನಿಲ್ಲಿಸಬಹುದು, ಬೇಸರವಿಲ್ಲ. ಆದರೆ ಎರಡೂ ಕೈಯಲ್ಲಿ ಸಾಮಾನು ಹಿಡಿದು ಬರುವಾಗ ಒಂದು ಬಟನ್‌ನಲ್ಲಿ ಡಿಕ್ಕಿ ತೆರೆಯುವುದು ಸುಖವೇ. ಹಾಗಾಗಿ ಮುಂದೆ ಓದಿ.

ಡಿಕ್ಕಿಗೆ ಬೇಕಾದದ್ದು ಸೊಲೆನಾಯ್ಡ್. ಅಂಗಡಿಯಲ್ಲಿ ‘ಡಿಕ್ಕಿ ಓಪನರ್’ ಅಂತ ಕೇಳಿದರೂ ಕೊಡುತ್ತಾರೆ. ಸುರುಳಿಯೊಳಗೆ ಒಂದು ಕಬ್ಬಿಣದ ದಿಂಡು, ಕರೆಂಟ್ ಕೊಟ್ಟರೆ ರಪ್ಪನೆ ಒಳಗೆ ಎಳೆದುಕೊಳ್ಳುತ್ತದೆ, ಬಿಟ್ಟರೆ ಸ್ಪ್ರಿಂಗ್ ವಾಪಸ್ ತರುತ್ತದೆ. ಸೆಂಟ್ರಲ್ ಲಾಕ್ ಮೋಟಾರ್‌ನಲ್ಲಿ ಈ ಸ್ಪ್ರಿಂಗ್ ಇಲ್ಲ. ಎಳೆದ ಮೇಲೆ ಅಲ್ಲೇ ನಿಂತಿರುತ್ತದೆ, ಲ್ಯಾಚ್‌ನ ಪುಟ್ಟ ಸ್ಪ್ರಿಂಗೇ ಅದನ್ನು ಹಿಂದಕ್ಕೆ ಎಳೆದು ತರಬೇಕು. ಆ ಸ್ಪ್ರಿಂಗ್ ಸೋತರೆ ಏನಾಗುತ್ತದೆ ಗೊತ್ತಾ? ಡಿಕ್ಕಿ ತೆರೆಯುತ್ತದೆ, ಆದರೆ ಎಷ್ಟು ಕುಕ್ಕಿದರೂ ಮುಚ್ಚುವುದಿಲ್ಲ. ಮಳೆ ಸುರಿಯುವಾಗ ಯಶವಂತಪುರದ ಸಿಗ್ನಲ್‌ನಲ್ಲಿ ಡಿಕ್ಕಿಗೆ ಹಗ್ಗ ಕಟ್ಟಿಕೊಂಡು ನಿಲ್ಲುವ ಪರಿಸ್ಥಿತಿ.

ಸೊಲೆನಾಯ್ಡ್ ಕೂರಿಸುವುದರಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ತಿಳಿಯದೆ ‘ಪವರ್ ಸಾಲಲ್ಲ’ ಅಂತ ದೊಡ್ಡದು ದೊಡ್ಡದು ಹಾಕುತ್ತಾ ಹೋಗುತ್ತಾರೆ. ದಿಂಡು ಪೂರ್ತಿ ಹೊರಗಿರುವಾಗ ಸೊಲೆನಾಯ್ಡ್‌ಗೆ ಬಲ ತುಂಬಾ ಕಮ್ಮಿ. ಒಳಗೆ ಬಂದ ಹಾಗೆಲ್ಲ ಬಲ ಏರುತ್ತದೆ. ಡಬ್ಬದ ಮೇಲೆ ಬರೆದಿರುವ ಕೆಜಿ ಆ ಕೊನೆಯ ಭಾಗದ್ದು. ಆದ್ದರಿಂದ ದಿಂಡಿನಿಂದ ಲ್ಯಾಚ್‌ಗೆ ಹೋಗುವ ರಾಡನ್ನು ಬಿಗಿಯಾಗಿ ಜೋಡಿಸಬಾರದು. ಮೊದಲ ಕೆಲವು ಮಿಲಿಮೀಟರ್ ದಿಂಡು ಸುಮ್ನೆ ಓಡಲಿ, ವೇಗ ಹಿಡಿಯಲಿ, ಆಮೇಲೆ ಲ್ಯಾಚ್‌ನ ತೋಳಿಗೆ ಹೊಡೆಯಲಿ. ರಾಡಿನ ತುದಿಯಲ್ಲಿ ಉದ್ದ ತೂತಿನ ಪಟ್ಟಿ ಇಟ್ಟರೆ ಈ ಸಡಿಲ ತಾನಾಗಿಯೇ ಸಿಗುತ್ತದೆ. ಅದರದ್ದೇ ಇನ್ನೊಂದು ಲಾಭ: ಹಳೇ ಕೇಬಲನ್ನು ಅದೇ ತೋಳಿಗೆ ಹಾಗೇ ಉಳಿಸಿಕೊಳ್ಳಬಹುದು. ಬಟನ್ ಒತ್ತಿದಾಗ ಸೊಲೆನಾಯ್ಡ್ ಎಳೆಯುತ್ತದೆ, ಲಿವರ್ ಎಳೆದಾಗ ಕೇಬಲ್ ಎಳೆಯುತ್ತದೆ, ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಎಲೆಕ್ಟ್ರಿಷಿಯನ್ ‘ಇನ್ನು ಕೇಬಲ್ ಯಾಕೆ ಸಾರ್, ಕಟ್ ಮಾಡ್ತೀನಿ’ ಅಂದರೆ ಬೇಡವೇ ಬೇಡ ಅನ್ನಿ. ನನ್ನ ಇಡೀ ಉತ್ತರದಲ್ಲಿ ನೀವು ಹಟ ಹಿಡಿಯಬೇಕಾದ ಜಾಗ ಇದೊಂದೇ.

ಇನ್ನೊಂದು ತೊಂದರೆ ಕೆಲಸ ಮುಗಿದ ಮೇಲೇ ಗೊತ್ತಾಗುತ್ತದೆ. ಕೈಯಲ್ಲಿ ಲಿವರ್ ಎಳೆಯುವಾಗ ಡಿಕ್ಕಿ ಮೇಲೇಳುವವರೆಗೆ ನಾವು ಹಿಡಿದುಕೊಂಡಿರುತ್ತೇವೆ. ಸೊಲೆನಾಯ್ಡ್ ಅರ್ಧ ಸೆಕೆಂಡ್ ಎಳೆದು ಬಿಟ್ಟುಬಿಡುತ್ತದೆ. ಅಷ್ಟರಲ್ಲಿ ಮುಚ್ಚಳ ಕನಿಷ್ಠ ಒಂದು ಬೆರಳಿನಷ್ಟು ಮೇಲೆ ಬರದಿದ್ದರೆ ಲ್ಯಾಚ್ ಮತ್ತೆ ಕಚ್ಚಿಕೊಳ್ಳುತ್ತದೆ. ‘ಟಕ್’ ಸದ್ದು ಬರುತ್ತದೆ, ಡಿಕ್ಕಿ ತೆರೆಯುವುದಿಲ್ಲ. ಇದಕ್ಕೆ ಸೊಲೆನಾಯ್ಡ್ ಬದಲಿಸಿ ಪ್ರಯೋಜನವಿಲ್ಲ. ಡಿಕ್ಕಿಯ ಅಂಚಿನಲ್ಲಿ ತಿರುಗಿಸಿ ಎತ್ತರ ಹೊಂದಿಸುವ ರಬ್ಬರ್ ಗುಬ್ಬಿಗಳಿದ್ದರೆ ಎರಡನ್ನೂ ಸಮವಾಗಿ ಒಂದೆರಡು ಸುತ್ತು ಮೇಲೆ ತನ್ನಿ. ಬೀಡಿಂಗ್ ಸತ್ತು ಚಪ್ಪಟೆಯಾಗಿದ್ದರೆ ಹೊಸದು ಹಾಕಿಸಿ, ಅದು ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದೇ ಸ್ಪ್ರಿಂಗ್ ಥರ ಮುಚ್ಚಳವನ್ನು ತಳ್ಳುತ್ತದೆ. ಹಿಂದೆ ಸ್ಪಾಯ್ಲರ್ ಹಾಕಿಸಿದ್ದರೆ ಅದರ ತೂಕವೂ ಮುಚ್ಚಳವನ್ನು ಕೆಳಕ್ಕೆ ಒತ್ತುತ್ತದೆ.

ಶಿವಾಜಿನಗರದ ಗುಜರಿಯಲ್ಲಿ ಬೇರೆ ಕಾರಿನ ಎಲೆಕ್ಟ್ರಿಕ್ ಲ್ಯಾಚ್ ತಂದು ವೆಲ್ಡ್ ಮಾಡಿ ಕೂರಿಸುವವರೂ ಇದ್ದಾರೆ. ನೋಡೋಕೆ ಅಚ್ಚುಕಟ್ಟು. ಆದರೆ ಲ್ಯಾಚ್ ಮತ್ತು ಸ್ಟ್ರೈಕರ್ ಒಂದಕ್ಕೊಂದು ಹೊಂದುವಂತೆ ಮಾಡಿದ ಜೋಡಿ. ಹಿಂದಿನಿಂದ ಯಾರಾದರೂ ಗುದ್ದಿದಾಗ ಡಿಕ್ಕಿ ಹಾರಿ ತೆರೆಯಬಾರದು, ಅದು ನಿಂತಿರುವುದೇ ಆ ಜೋಡಿಯ ಮೇಲೆ. ನಿಮ್ಮ ಕಾರಿನ ಲ್ಯಾಚ್ ಅದೇ ಇರಲಿ, ಅದನ್ನು ಎಳೆಯುವ ವ್ಯವಸ್ಥೆ ಮಾತ್ರ ಬದಲಾಗಲಿ.

ಈಗ ವೈರಿಂಗ್. ಹಳೇ ಕಾರುಗಳಲ್ಲಿ ಹೆಚ್ಚು ಕೆಲಸ ಕೆಡುವುದು ಇಲ್ಲೇ. ಸುಲಭದ ದಾರಿ ಅಂತ ಬಹಳ ಜನ ಡಿಕ್ಕಿಯೊಳಗಿನ ಲೈಟಿನ ವೈರ್‌ನಿಂದ ಕರೆಂಟ್ ತಗೊಳ್ಳುತ್ತಾರೆ. ಆ ವೈರ್ 5 ವಾಟ್ ಬಲ್ಬಿಗೆ ಎಳೆದದ್ದು, ಅರ್ಧ ಆಂಪ್ ಕೂಡ ಇಲ್ಲ. ಸೊಲೆನಾಯ್ಡ್ ಎಳೆಯುವ ಆ ಕ್ಷಣ 10 ಆಂಪ್ ಕೇಳುತ್ತದೆ, ದೊಡ್ಡದಾದರೆ ಇನ್ನೂ ಜಾಸ್ತಿ. ಲೆಕ್ಕ ಹಾಕಿ ನೋಡಿ: ಮುಂದಿನಿಂದ ಡಿಕ್ಕಿಗೆ 5 ಮೀಟರ್ ವೈರ್, ದಪ್ಪ ಅರ್ಧ ಚದರ ಮಿಮೀ. ಅದರ ರೆಸಿಸ್ಟೆನ್ಸ್ ಸುಮಾರು 0.17 ಓಮ್. 10 ಆಂಪ್‌ಗೆ 1.7 ವೋಲ್ಟ್ ದಾರಿಯಲ್ಲೇ ಹೋಯಿತು. ಸೊಲೆನಾಯ್ಡ್‌ನ ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ಬಲದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಖಾಲಿ. ಅದೇ 2.5 ಚದರ ಮಿಮೀ ವೈರ್ ಹಾಕಿದರೆ ನಷ್ಟ 0.35 ವೋಲ್ಟ್ ಮಾತ್ರ. ವೈರಿನಲ್ಲಿ ಉಳಿಸುವ ಕೆಲವು ರೂಪಾಯಿ ನಿಜವಾಗಿಯೂ ದುಬಾರಿ.

ಆದ್ದರಿಂದ ನೇರ ಬ್ಯಾಟರಿಯಿಂದ ಹೊಸ ವೈರ್ ಎಳೆಸಿ. ಬ್ಯಾಟರಿ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 15 ಆಂಪ್ ಫ್ಯೂಸ್ ಇರಲೇಬೇಕು. ಫ್ಯೂಸ್ ಹಿಂದೆ ಡಿಕ್ಕಿಯಲ್ಲಿ ಇಟ್ಟರೆ ಏನೂ ಉಪಯೋಗವಿಲ್ಲ, ನಡುವೆ ಎಲ್ಲಾದರೂ ವೈರ್ ಉಜ್ಜಿ ಕಾರಿನ ಲೋಹಕ್ಕೆ ತಾಗಿದರೆ ಬೆಂಕಿ ಹತ್ತುವುದು ಆ ಕಾಪಾಡದ ಭಾಗದಲ್ಲೇ. ಇಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಗ್ರಾಮೆಟ್ (ವೈರ್ ಉಜ್ಜದಂತೆ ಕಾಯುವ ಬಳೆ) ಹಾಕಿಸಿ. ಒಳಗೆ ಕಂಪನಿ ವೈರಿಂಗ್ ಹೋಗಿರುವ ದಾರಿಯಲ್ಲೇ, ಹೊಸಿಲಿನ ಪ್ಲಾಸ್ಟಿಕ್ ಪಟ್ಟಿಯ ಅಡಿ, ಸೀಟ್ ರೈಲಿನಿಂದ ದೂರ. ಲ್ಯಾಚ್ ಮುಚ್ಚಳದಲ್ಲಿದ್ದರೆ ವೈರ್ ಹಿಂಜ್ ಹತ್ತಿರ ದಿನಕ್ಕೆ ಹತ್ತು ಸಲ ಬಾಗುತ್ತದೆ, ಅಲ್ಲಿ ರಬ್ಬರ್ ಕೊಳವೆ ಬೇಕು, ಸ್ವಲ್ಪ ಸಡಿಲವೂ ಬೇಕು. ಅರ್ತಿಂಗ್‌ಗೆ, ಅಂದರೆ ಕರೆಂಟ್ ಕಾರಿನ ಲೋಹದ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಸಂಪರ್ಕಕ್ಕೆ, ಪೇಂಟ್ ಕೆರೆದು, ರಿಂಗ್ ಟರ್ಮಿನಲ್ ಹಾಕಿ, ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ವೈರ್ ಹೊಸೆದು ಟೇಪ್ ಸುತ್ತುವ ಜಾಯಿಂಟ್ ಬೇಡ, ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಟ್ಟುಕೊಳ್ಳುತ್ತದೆ. ಕ್ರಿಂಪ್ ಅಥವಾ ಸಾಲ್ಡರ್ ಮಾಡಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ.

ಬಟನ್ ನೇರವಾಗಿ ಸೊಲೆನಾಯ್ಡ್‌ಗೆ ಕೊಡಬಾರದು, ನಡುವೆ ರಿಲೇ ಬೇಕು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಹಾರ್ನಿಗೆ, ಫಾಗ್ ಲ್ಯಾಂಪಿಗೆ ಹಾಕುವ 12 ವೋಲ್ಟ್ 30 ಆಂಪ್ ರಿಲೇ ಸಾಕು. ಫ್ಯೂಸ್ ಆದ ಮೇಲಿನ ವೈರ್ ರಿಲೇಯ 30ನೇ ಪಿನ್ನಿಗೆ, 87ರಿಂದ ಸೊಲೆನಾಯ್ಡ್‌ಗೆ. ಅದೇ ಫ್ಯೂಸಿನಿಂದ ಒಂದು ತೆಳು ವೈರ್ 86ಕ್ಕೆ. 85ನ್ನು ಬಟನ್ ಮೂಲಕ ಅರ್ತ್ ಮಾಡಿದರೆ ರಿಲೇ ಎಳೆಯುತ್ತದೆ. ರಿಲೇಯೊಳಗಿನ ಕಾಯಿಲ್ (ಸುರುಳಿ) ತಗೊಳ್ಳುವುದು 0.15 ಆಂಪ್ ಆಸುಪಾಸು, ಹಾಗಾಗಿ ಪುಟ್ಟ ಬಟನ್ ಸಾಕು. 85 ಮತ್ತು 86ರ ನಡುವೆ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ) ಹಾಕಿ, ಬೆಳ್ಳಿ ಗೆರೆಯ ತುದಿ 86ರ ಕಡೆಗೆ. ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಕಾಯಿಲ್ ಬಿಡುವಾಗ ಏಳುವ ವೋಲ್ಟೇಜ್ ನಿಮ್ಮ ರಿಮೋಟ್ ಮಾಡ್ಯೂಲನ್ನು ಸುಡದಂತೆ ಅದು ತಡೆಯುತ್ತದೆ.

ಬಟನ್ ಅಂದರೆ ಒತ್ತಿದಷ್ಟು ಹೊತ್ತು ಮಾತ್ರ ಕೂಡುವ, ಬಿಟ್ಟರೆ ಬಿಡುವ ಪುಶ್ ಬಟನ್. ಆನ್ ಆಫ್ ಸ್ವಿಚ್ ಖಂಡಿತ ಬೇಡ. ಯಾರಾದರೂ ಆನ್ ಮಾಡಿ ಮರೆತರೆ 12 ವೋಲ್ಟ್, 10 ಆಂಪ್, ಅಂದರೆ 120 ವಾಟ್ ಆ ಮುಷ್ಟಿಗಾತ್ರದ ಡಬ್ಬಿಯೊಳಗೆ. ರಿಪೇರಿ ಅಂಗಡಿಯ ಸಾಲ್ಡರಿಂಗ್ ಐರನ್ 25 ವಾಟ್‌ನದ್ದು, ಅದೇ ತವರ ಕರಗಿಸುತ್ತದೆ. ಫ್ಯೂಸ್ ಕಾಪಾಡುತ್ತದೆ ಅಂದುಕೊಳ್ಳಬೇಡಿ. ಈ 10 ಆಂಪ್ ಅದರ ಲೆಕ್ಕದಲ್ಲಿ ತಪ್ಪೇ ಅಲ್ಲ, 15ರೊಳಗೇ ಇದೆ. ಅದು ಆರಾಮಾಗಿ ಕೂತಿರುತ್ತದೆ, ಸೊಲೆನಾಯ್ಡ್ ಸುಡುತ್ತಿರುತ್ತದೆ.

ಗಾಡಿ ಓಡುವಾಗ ಯಾರೋ ಬಟನ್ ಒತ್ತಿಬಿಟ್ಟರೆ? ಮಕ್ಕಳಿರುವ ಮನೆಯಲ್ಲಿ ಈ ಪ್ರಶ್ನೆ ಮುಖ್ಯ. ಬಟನನ್ನು ಗ್ಲೋವ್ ಬಾಕ್ಸ್ ಒಳಗಿಡುವುದು ಒಂದು ದಾರಿ. ನನಗೆ ಇಷ್ಟವಾದದ್ದು ಹ್ಯಾಂಡ್‌ಬ್ರೇಕ್ ದಾರಿ. ಹ್ಯಾಂಡ್‌ಬ್ರೇಕ್ ಎಳೆದಾಗ ಮೀಟರ್‌ನಲ್ಲಿ ಕೆಂಪು ಲೈಟ್ ಬರುತ್ತದಲ್ಲ, ಆ ಸ್ವಿಚ್ ಮಾಡುವುದು ಒಂದು ವೈರನ್ನು ಅರ್ತ್ ಮಾಡುವ ಕೆಲಸ ಅಷ್ಟೆ. ನಿಮ್ಮ ಬಟನ್ನಿನ ಅರ್ತ್ ವೈರನ್ನು ಕಾರಿನ ಲೋಹಕ್ಕೆ ಕೊಡುವ ಬದಲು, ಇನ್ನೊಂದು ಡಯೋಡ್ ಮೂಲಕ ಆ ವೈರಿಗೆ ಕೊಡಿ, ಬೆಳ್ಳಿ ಗೆರೆ ಹ್ಯಾಂಡ್‌ಬ್ರೇಕ್ ಸ್ವಿಚ್ ಕಡೆಗಿರಲಿ. ಆಗ ಇಗ್ನಿಷನ್ ಆನ್ ಇದ್ದು ಹ್ಯಾಂಡ್‌ಬ್ರೇಕ್ ಬಿಟ್ಟಿದ್ದರೆ ಬಟನ್ ಸತ್ತಂತೆ. ಇಗ್ನಿಷನ್ ಆಫ್ ಇದ್ದಾಗ ಈ ತಡೆ ಅಷ್ಟು ನಂಬುವಂಥದ್ದಲ್ಲ, ಮೀಟರ್ ಬಲ್ಬಿನ ಮೂಲಕ ಕರೆಂಟ್ ನುಸುಳಿ ರಿಲೇ ಎಳೆಯಬಹುದು. ಆದರೆ ಆಗ ಗಾಡಿ ನಿಂತಿರುತ್ತದೆ, ಡಿಕ್ಕಿ ತೆರೆದರೆ ನಷ್ಟವಿಲ್ಲ.

ರಿಮೋಟ್ ಬಗ್ಗೆ: ಬಹಳಷ್ಟು ರಿಮೋಟ್ ಲಾಕ್ ಮಾಡ್ಯೂಲ್‌ಗಳಲ್ಲಿ ಡಿಕ್ಕಿಗೆ ಅಂತಲೇ ಒಂದು ವೈರ್ ಬಂದಿರುತ್ತದೆ. ಅದು ಅರ್ತ್ ಕೊಡುವ ವೈರ್, ಸಾಮಾನ್ಯವಾಗಿ ಅರ್ಧ ಆಂಪ್‌ಗಿಂತ ಕಮ್ಮಿ ತಾಳುತ್ತದೆ. ಸೊಲೆನಾಯ್ಡ್‌ಗೆ ನೇರ ಕೊಟ್ಟರೆ ಮಾಡ್ಯೂಲ್ ಹೋಯಿತು. 85ನೇ ಪಿನ್ನಿಗೆ ಡಯೋಡ್ ಮೂಲಕ ಕೊಟ್ಟರೆ ಸರಿ, ಬೆಳ್ಳಿ ಗೆರೆ ಮಾಡ್ಯೂಲ್ ಕಡೆಗೆ. ರಿಮೋಟನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ತೆರೆಯುವ ಮಾಡ್ಯೂಲ್ ನೋಡಿ ತಗೊಳ್ಳಿ. ಇಲ್ಲದಿದ್ದರೆ ಜೇಬಿನಲ್ಲಿ ಒತ್ತಿಹೋಗಿ, ಗಾಂಧಿಬಜಾರ್‌ನಲ್ಲಿ ನೀವು ದೋಸೆ ತಿನ್ನುತ್ತಿರುವಾಗ ರಸ್ತೆಯಲ್ಲಿ ಡಿಕ್ಕಿ ಬಾಯಿ ತೆರೆದುಕೊಂಡಿರುತ್ತದೆ.

ಇನ್ನು ಪೆಟ್ರೋಲ್ ಲಿಡ್. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಹುಡುಗ ಬಡಿದಾಗ ತೆರೆಯುತ್ತದೆ ಅಂದಿರಿ. ಹಾಗಾದರೆ ಕೇಬಲ್ ಲಿಡ್ಡನ್ನು ಹಿಡಿದಿರುವ ಲಾಕ್ ಪಿನ್ನನ್ನು ಎಳೆಯುತ್ತಿದೆ. ಲಿಡ್ ಒಳಗಿನ ಪಟ್ಟಿ ಸ್ಪ್ರಿಂಗ್ ಸೋತು ಅದನ್ನು ಹೊರಗೆ ತಳ್ಳುತ್ತಿಲ್ಲ, ಅಥವಾ ಹಿಂಜ್‌ನ ಪಿನ್ ತುಕ್ಕು ಹಿಡಿದಿದೆ, ಅಥವಾ ಲಿಡ್ ಓರೆಯಾಗಿ ಲಾಕ್ ಪಿನ್ನಿನ ಮೇಲೆ ಭಾರ ಹಾಕುತ್ತಿದೆ. ಪರೀಕ್ಷೆ ಸುಲಭ. ಒಬ್ಬರು ಲಿವರ್ ಎಳೆದು ಹಿಡಿಯಲಿ, ಇನ್ನೊಬ್ಬರು ಲಿಡ್ ಅಂಚಿಗೆ ಉಗುರು ಹಾಕಿ ಮೆಲ್ಲಗೆ ಎಳೆಯಲಿ. ಬಂದರೆ ಸ್ಪ್ರಿಂಗ್ ಅಥವಾ ಹಿಂಜ್. ಬರದೆ, ಲಿಡ್ಡನ್ನು ಒಳಕ್ಕೆ ಒತ್ತಿ ಬಿಟ್ಟಾಗ ಬಂದರೆ ಓರೆ. ಮೂರರಲ್ಲಿ ಯಾವುದಕ್ಕೂ ಮೋಟಾರ್ ಮದ್ದಲ್ಲ. ಅರ್ಧ ಗಂಟೆ, ಒಂದು ಪಟ್ಟಿ ಸ್ಪ್ರಿಂಗ್, ಒಂದೆರಡು ಹನಿ ಎಣ್ಣೆ. ಮುಗೀತು.

ಅಷ್ಟಾದರೂ ಎಲೆಕ್ಟ್ರಿಕ್ ಬೇಕೇ ಬೇಕು ಅಂದರೆ ಎರಡು ಮಾತು. ಸೆಂಟ್ರಲ್ ಲಾಕ್ ಮೋಟಾರನ್ನು ಬಾಗಿಲಿನ ವೈರಿಗೇ ಸೇರಿಸುವುದು ಎಲೆಕ್ಟ್ರಿಷಿಯನ್‌ಗಳ ರೂಢಿ. ನಿಮ್ಮದು ಸ್ಪ್ರಿಂಗ್‌ನಿಂದ ಚಿಮ್ಮುವ ಲಿಡ್. ನೀವು ಬಾಗಿಲು ಅನ್‌ಲಾಕ್ ಮಾಡಿದಾಗಲೆಲ್ಲ ಪೆಟ್ರೋಲ್ ಲಿಡ್ಡೂ ತೆರೆದುಕೊಂಡು ನಿಲ್ಲುತ್ತದೆ. ಹೊಸ ಕಾರುಗಳಲ್ಲಿ ಒತ್ತಿದರೆ ತೆರೆಯುವ ಬೇರೆ ಥರದ ಲಿಡ್ ಇರುವುದರಿಂದ ಅಲ್ಲಿ ಇದು ಸರಿಹೋಗುತ್ತದೆ, ಇಲ್ಲಿ ಇಲ್ಲ. ಎರಡನೆಯದು ಪೆಟ್ರೋಲ್ ಆವಿ. ಈ ಮೋಟಾರ್‌ಗಳಲ್ಲಿ ಬ್ರಷ್ ಇರುತ್ತದೆ, ಕಿಡಿ ಸಹಜ. ಹಾಗಾಗಿ ಮೋಟಾರ್, ಜಾಯಿಂಟ್ ಯಾವುದೂ ಪೆಟ್ರೋಲ್ ಹಾಕುವ ಗುಂಡಿಯೊಳಗೆ ಬರಬಾರದು. ಡಿಕ್ಕಿಯ ಪಕ್ಕದ ಟ್ರಿಮ್ ಹಿಂದೆ ಕೂರಿಸಿ, ಪಿನ್ ಹೋಗುವ ತೂತಿಗೆ ಹಳೇ ರಬ್ಬರ್ ಹಾಗೇ ಇರಲಿ.

ಆ ಟ್ರಿಮ್ ತೆಗೆದಾಗ ಇನ್ನೊಂದು ನೋಡಿ, ಮೋಟಾರ್ ಹಾಕಿದರೂ ಬಿಟ್ಟರೂ. ಲಿಡ್‌ನಿಂದ ಟ್ಯಾಂಕಿಗೆ ಹೋಗುವ ಕೊಳವೆಯ ರಬ್ಬರ್ ಹೋಸು, ಅದರ ಪಕ್ಕದ ಸಣ್ಣ ಗಾಳಿ ಹೋಸು. ಬೆರಳಲ್ಲಿ ಬಗ್ಗಿಸಿ ನೋಡಿದರೆ ಬಿರುಕು ಕಾಣುತ್ತದೆ. ಈಗ ಬಂಕುಗಳಲ್ಲಿ ಬರುತ್ತಿರುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್, 2004ರ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಮೊದಲು ಹೋಸ್ ಬದಲಿಸಿ, ಅಲ್ಲಿಯವರೆಗೆ ಡಿಕ್ಕಿಯಲ್ಲಿ ಯಾವ ವೈರಿಂಗ್ ಕೆಲಸವೂ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಸ್ಟೆಪ್ನಿ ಗುಂಡಿಯಲ್ಲಿ ತಂಗುತ್ತದೆ. ಎಲ್‌ಪಿಜಿಯೂ ಹಾಗೇ. ಕಾರಿಗೆ ಗ್ಯಾಸ್ ಕಿಟ್ ಹಾಕಿಸಿದ್ದು ಸಿಲಿಂಡರ್ ಡಿಕ್ಕಿಯಲ್ಲಿದ್ದರೆ ರಿಲೇಯನ್ನು ಡ್ಯಾಶ್‌ಬೋರ್ಡ್ ಅಡಿಯಲ್ಲೇ ಇಡಿ, ಹಿಂದೆ ಅಲ್ಲ.

ಬ್ಯಾಟರಿ ಡೌನ್ ಆದರೆ ಅಂತ ಕೇಳಿದಿರಿ. ಸೆಲ್ಫ್ ಹೊಡೆಯೋಕೆ ನೂರು ಆಂಪ್‌ಗಿಂತ ಜಾಸ್ತಿ ಬೇಕು, ಸೊಲೆನಾಯ್ಡ್‌ಗೆ ಹತ್ತು. ಗಾಡಿ ಸ್ಟಾರ್ಟ್ ಆಗದಿದ್ದರೂ ಎಷ್ಟೋ ಸಲ ಡಿಕ್ಕಿ ತೆರೆಯುತ್ತದೆ. ಪೂರ್ತಿ ಸತ್ತಿದ್ದರೆ ಕೇಬಲ್ ಇದೆ, ಅದೂ ಹೋದರೆ ಡಿಕ್ಕಿಯ ಕೀ ಇದೆ. ಆ ಕೀ ಈಗ ತಿರುಗುತ್ತದಾ ಅಂತ ಇವತ್ತೇ ನೋಡಿ. ಲಿವರ್ ಇರುವ ಕಾರುಗಳಲ್ಲಿ ಆ ಕೀ ತೂತನ್ನು ಯಾರೂ ಮುಟ್ಟುವುದಿಲ್ಲ, ಒಳಗೆ ಧೂಳು ತುಂಬಿ ಜಾಮ್ ಆಗಿರುತ್ತದೆ. ಗ್ರಾಫೈಟ್ ಪುಡಿ ಹಾಕಿ ತಿರುಗಿಸಿ ಸಲೀಸು ಮಾಡಿಕೊಳ್ಳಿ. ಪೆಟ್ರೋಲ್ ಲಿಡ್‌ಗೆ ಮೋಟಾರ್ ಹಾಕಿಸಿ ಕೇಬಲ್ ತೆಗೆಸಿದ್ದರೆ ಪಿನ್ನಿಗೆ ಒಂದು ತಂತಿ ಕಟ್ಟಿ, ಉಂಗುರ ಹಾಕಿ, ಡಿಕ್ಕಿಯ ಟ್ರಿಮ್ ಹಿಂದೆ ಇಡಬೇಕು, ಎಷ್ಟೋ ಕಾರುಗಳಲ್ಲಿ ಕಂಪನಿಯವರೇ ಇದನ್ನು ಕೊಟ್ಟಿರುತ್ತಾರೆ. ಬಾನೆಟ್ ಕೇಬಲ್ ಮಾತ್ರ ಯಾರು ಏನೇ ಹೇಳಿದರೂ ಎಲೆಕ್ಟ್ರಿಕ್ ಮಾಡಿಸಬೇಡಿ, ಬ್ಯಾಟರಿ ಅದರ ಅಡಿಯಲ್ಲೇ ಇದೆ.

ಆರ್‌ಸಿ ವಿಷಯ ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಆರ್‌ಸಿಯಲ್ಲಿ ಬರೆದಿರುವ ವಿವರಗಳು ಬದಲಾಗುವಂಥ ಮಾರ್ಪಾಡನ್ನು. ಇಂಜಿನ್, ಇಂಧನ, ಬಾಡಿಯಂಥವು. ಡಿಕ್ಕಿಗೆ ಬಟನ್ ಹಾಕಿದರೆ ಅಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ನಿಮ್ಮದು 2004ರ ಗಾಡಿ, 15 ವರ್ಷ ಮುಗಿದು ಈಗ ಐದೈದು ವರ್ಷಕ್ಕೆ ನವೀಕರಣ. ಅಲ್ಲಿ ಇದಕ್ಕೆ ತಕರಾರು ಬರುವ ಕಾರಣವಿಲ್ಲ. ಇನ್ಶೂರೆನ್ಸ್ ಕಡೆ ಮಾತ್ರ ಸ್ವಲ್ಪ ಹುಷಾರು: ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿದರೆ ಸರ್ವೇಯರ್ ಹೊರಗಿನ ವೈರಿಂಗ್ ಹುಡುಕುತ್ತಾರೆ. ಕೆಲಸ ಮಾಡಿಸಿದ ಬಿಲ್ ಇಟ್ಟುಕೊಳ್ಳಿ, ಹೊಸ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಫ್ಯೂಸ್ ಎಷ್ಟು ಆಂಪ್, ರಿಲೇ ಎಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿ ಹಾಕಿಡಿ. ಮುಂದೆ ಬೇರೆ ಎಲೆಕ್ಟ್ರಿಷಿಯನ್ ಕೈಗೆ ಗಾಡಿ ಹೋದಾಗ ಅವರು ಹುಡುಕಿ ಹುಡುಕಿ ಇನ್ನೆರಡು ವೈರ್ ಕತ್ತರಿಸುವುದು ತಪ್ಪುತ್ತದೆ.